ಹೊಲದ ನಷ್ಟವೂ ಹಗೇವಿನ ನಷ್ಟವೂ

ಕಲಬುರಗಿ ಸೀಮೆಯ ಆಪತ್ತುಗಳ ನಕ್ಷೆ ಹೇಗಿರಬೇಕು?

ಮಳೆ ತಪ್ಪಿದ ವರ್ಷ ಬರದ ಮಾತು, ಹೊಳೆ ಉಕ್ಕಿದ ವರ್ಷ ನೆರೆಯ ಮಾತು, ಇವೆರಡೂ ಇಲ್ಲದ ವರ್ಷ ಯಾವ ಮಾತೂ ಇಲ್ಲ. ಇದು ನಮ್ಮ ಸಾರ್ವಜನಿಕ ಜೀವನದ ರೂಢಿಯಾಗಿಬಿಟ್ಟಿದೆ. ಆಪತ್ತು ಬಂದಾಗ ಅಧಿಕಾರಿಗಳು ಹೊಲಗಳಿಗೆ ಹೋಗುವರು, ಪಂಚನಾಮೆಗಳಾಗುವವು, ಮಂತ್ರಿಗಳು ವಿಮಾನದಿಂದ ನೋಡಿ ಬರುವರು, ಇಷ್ಟು ಲಕ್ಷ ಹೆಕ್ಟೇರು ಬೆಳೆ ನಾಶವಾಯಿತೆಂಬ ಅಂಕೆಯು ಪತ್ರಿಕೆಗಳಲ್ಲಿ ಅಚ್ಚಾಗುವದು. ತರುವಾಯ ಹಣದ ವಾದವು ಆರಂಭವಾಗುವದು. ಆ ಅಂಕೆಯೊಳಗೆ ಅಡಗಿದ್ದ ಒಕ್ಕಲಿಗನ ಮನೆಯಲ್ಲಿ ಮುಂದೆ ಏನು ನಡೆಯಿತು, ಅವನ ಮನೆಯ ಜೋಳ ಎಷ್ಟು ತಿಂಗಳಿಗೆ ಸಾಕಾಯಿತು, ಎತ್ತು ಉಳಿಯಿತೋ ಸಂತೆಗೆ ಹೋಯಿತೋ, ಮಕ್ಕಳು ಶಾಲೆಯಲ್ಲಿ ಉಳಿದರೋ ತಂದೆತಾಯಿಗಳೊಡನೆ ಗುಳೆ ಹೋದರೋ, ಇದನ್ನು ಕೇಳುವವರಿಲ್ಲ.

ನಾವು ಇಲ್ಲಿ ಹೇಳಬೇಕೆಂದಿರುವದು ಒಂದೇ ಮಾತು. ಆಪತ್ತಿನ ನಕ್ಷೆಯು ಆಕಾಶದಿಂದ ಬಿದ್ದುದನ್ನು ಅಳೆದರೆ ಸಾಲದು. ಒಲೆಯ ಮೇಲಿನ ಗಡಿಗೆಯಲ್ಲಿ ಕಡಿಮೆಯಾದುದನ್ನೂ ಅಳೆಯಬೇಕು. ಮೊದಲನೆಯದಕ್ಕೆ ನಮ್ಮಲ್ಲಿ ಯಂತ್ರಗಳಿವೆ, ಶಾಸ್ತ್ರಜ್ಞರಿದ್ದಾರೆ, ನಿಯಮಗಳಿವೆ. ಎರಡನೆಯದು ಇಂದಿಗೂ ಅಂಚಿನ ಟಿಪ್ಪಣಿಯಾಗಿಯೇ ಉಳಿದಿದೆ.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ವರದಿಯ ಮೇರೆಗೆ, ೧೯೯೧ರಿಂದ ೨೦೨೧ರ ವರೆಗಿನ ಅವಧಿಯಲ್ಲಿ ಆಪತ್ತುಗಳಿಂದ ಜಗತ್ತಿನ ಬೆಳೆ ಹಾಗೂ ಪಶುಸಂಪತ್ತಿಗೆ ಆದ ನಷ್ಟವು ಸುಮಾರು ೩.೮ ಲಕ್ಷ ಕೋಟಿ ಡಾಲರುಗಳು. ವರ್ಷಕ್ಕೆ ಸರಾಸರಿ ೧೨,೩೦೦ ಕೋಟಿ ಡಾಲರುಗಳು. ಜಗತ್ತಿನ ಒಟ್ಟು ಒಕ್ಕಲುತನದ ಉತ್ಪನ್ನದಲ್ಲಿ ಇದು ನೂರಕ್ಕೆ ಐದರಷ್ಟು. ಆದರೆ ಇಂಥ ಮಹಾಸಂಖ್ಯೆಗಳು ಯಾರ ಕಣ್ಣಿಗೂ ನೀರು ತರಲಾರವು. ಅವುಗಳ ಅರ್ಥವನ್ನು ತಿಳಿಯಬೇಕಾದರೆ ಒಂದು ಸೀಮೆಯನ್ನು ಹಿಡಿದು ನೋಡಬೇಕು. ಕಲಬುರಗಿಗಿಂತ ತಕ್ಕ ಸೀಮೆ ಇನ್ನೊಂದು ದೊರಕಲಾರದು.

ಸೀಮೆಯ ಸ್ವರೂಪ

ಕಲಬುರಗಿಯು ಕರ್ನಾಟಕದ ತೊಗರಿಯ ಕಣಜವೆಂಬದು ಎಲ್ಲರೂ ಬಲ್ಲ ಮಾತು. ಇಲ್ಲಿಯ ಎರೆ ಭೂಮಿಯಲ್ಲಿ ಬೆಳೆದ ತೊಗರಿಯ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರಕಿತು. ನಗರದ ಬೇಳೆ ಗಿರಣಿಗಳು, ನೆಹರೂ ಗಂಜಿನ ಅಡತಿ ಅಂಗಡಿಗಳು, ಹಮಾಲರ ಕೂಲಿ, ಸಾಹುಕಾರರ ವ್ಯವಹಾರ, ಇವೆಲ್ಲವೂ ಈ ಒಂದು ಬೆಳೆಯ ಮೇಲೆ ನಿಂತಿವೆ. ನಗರದಿಂದ ಹುಮನಾಬಾದಿನ ಮಾರ್ಗವಾಗಿ ಈಶಾನ್ಯಕ್ಕೆ ಹೊರಟರೆ ಕುರಿಕೋಟೆಯ ಬಳಿ ಬೆಣ್ಣೆತೊರೆಯನ್ನು ದಾಟಿ ಕಮಲಾಪುರವನ್ನು ಸೇರುತ್ತೇವೆ. ಅಲ್ಲಿ ಎರೆಯೊಡನೆ ಕೆಂಪು ಮಣ್ಣೂ ಬೆರೆತಿದೆ. ತೊಗರಿ, ಹೆಸರು, ಉದ್ದು, ಜೋಳಗಳೊಡನೆ ಕೆಂಪು ಬಾಳೆಯೂ ಇದೆ. ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚಕದ ಮನ್ನಣೆ ಉಂಟು. ಗಂಡೋರಿ ನಾಲೆಯ ಜಲಾಶಯವು ಬೆಳಕೋಟೆಯ ಹತ್ತಿರ ಇದೆ.

ಹೀಗೆ ನಗರಕ್ಕೂ ಕಮಲಾಪುರಕ್ಕೂ ಇರುವ ಸಂಬಂಧವು ಬರಿಯ ದಾರಿಯ ಸಂಬಂಧವಲ್ಲ. ನಗರವು ಕುಡಿಯುವ ನೀರಿನಲ್ಲಿ ಒಂದು ಪಾಲು ಬೆಣ್ಣೆತೊರೆಯದು, ಒಂದು ಪಾಲು ಭೀಮೆಯದು. ನಗರದ ಗಿರಣಿಯಲ್ಲಿ ಒಡೆಯುವ ಕಾಳು ಈ ಹೊಲಗಳದು. ಹಳ್ಳಿಯ ಆಪತ್ತು ನಗರದ ಬಾಗಿಲಿಗೆ ಬರಲು ಬಹು ದಿನ ಬೇಕಾಗುವದಿಲ್ಲ.

ಆಪತ್ತು ಈ ಸೀಮೆಗೆ ಹೊಸದೂ ಅಲ್ಲ. ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾಗಿದ್ದ ಕಾಲದಲ್ಲಿ, ೧೩೭೮ರಿಂದ ೧೩೯೭ರ ವರೆಗೆ ಆಳಿದ ಎರಡನೆಯ ಮುಹಮ್ಮದ ಶಹನು ಕ್ಷಾಮವುಂಟಾದಾಗ ಹತ್ತು ಸಾವಿರ ಎತ್ತುಗಳನ್ನು ತನ್ನ ವೆಚ್ಚದಿಂದ ಮಾಳವ ಹಾಗೂ ಗುಜರಾತಗಳಿಗೆ ಕಳಿಸಿ ಧಾನ್ಯ ತರಿಸಿದನೆಂದು ಫೆರಿಸ್ತಾ ಎಂಬ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಅರಸನಿಗೆ ಅಂದು ಉಪಗ್ರಹವಿರಲಿಲ್ಲ; ಮಳೆಮಾಪಕವೂ ಇರಲಿಲ್ಲ. ಆದರೆ ಪ್ರಜೆಗೆ ಬೇಕಾದುದು ಕಾಳು, ಅದು ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಬೇಕು ಎಂಬ ಮೂಲತತ್ವ ತಿಳಿದಿತ್ತು. ಇಂದಿನ ನಮ್ಮ ನಕ್ಷೆಗಳು ಆ ತತ್ವವನ್ನು ಮರೆಯಬಾರದು.

ಹಸ್ತ ಚಿತ್ತೆಯ ಗಂಡಾಂತರ

ಇತ್ತೀಚಿನ ಮೂರು ದೊಡ್ಡ ನೆರೆಗಳ ತಿಥಿಗಳನ್ನು ವಾಚಕರು ಒಂದೇ ಸಾಲಿನಲ್ಲಿಟ್ಟು ನೋಡಬೇಕು. ೨೦೦೯ರಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿ ೨೦೦ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮಳೆ ಸೆಪ್ಟೆಂಬರ ಕೊನೆಯಿಂದ ಅಕ್ಟೋಬರ ಮೊದಲ ದಿನಗಳ ವರೆಗೆ ಬಿದ್ದಿತು. ೨೦೨೦ರಲ್ಲಿ ಬಂಗಾಳ ಉಪಸಾಗರದಲ್ಲಿ ಹುಟ್ಟಿದ ವಾಯುಭಾರ ಕುಸಿತವು ಅಕ್ಟೋಬರ ೧೩ರಂದು ಕಾಕಿನಾಡದ ಬಳಿ ದಡ ಹತ್ತಿ, ತೆಲಂಗಾಣವನ್ನು ದಾಟಿ, ನಮ್ಮ ಜಿಲ್ಲೆಯ ಮೇಲೆ ಹಾದುಹೋಯಿತು. ಭೀಮಾ ತೀರದ ಹಳ್ಳಿಗಳು ಜಲಾವೃತವಾದವು. ೨೦೨೫ರಲ್ಲಿ ಸೆಪ್ಟೆಂಬರ ಕೊನೆಯ ವಾರ ಮಹಾರಾಷ್ಟ್ರದ ಸೀನಾ ನದಿಯ ನೀರೂ ಉಜನಿ ಜಲಾಶಯದಿಂದ ಬಿಟ್ಟ ನೀರೂ ಕೂಡಿ ಭೀಮೆಯು ಮತ್ತೆ ಉಕ್ಕಿತು. ನಮ್ಮ ಒಕ್ಕಲಿಗರ ಲೆಕ್ಕದಲ್ಲಿ ಇವು ಉತ್ತರೆಯ ಕೊನೆ, ಹಸ್ತ ಮತ್ತು ಚಿತ್ತೆಯ ಮಳೆಗಳು.

ಈ ಹೊತ್ತು ಹೊಲದಲ್ಲಿ ಏನಿರುತ್ತದೆ? ಮೃಗಶಿರೆ ಆರಿದ್ರೆಗಳಲ್ಲಿ ಬಿತ್ತಿದ ತೊಗರಿಯು ಕೊಂಬೆಯೊಡೆದು ಹೂವಿಗೆ ಸಿದ್ಧವಾಗಿರುವದು. ಹೆಸರು ಉದ್ದುಗಳನ್ನು ಕಿತ್ತ ಮೇಲೆ ತೆರವಾದ ಹೊಲವು ಹಿಂಗಾರಿ ಜೋಳಕ್ಕೂ ಕಡಲೆಗೂ ಹದವಾಗುತ್ತಿರುವದು. ಎಂದರೆ ಈ ಹದಿನೈದಿಪ್ಪತ್ತು ದಿನಗಳಲ್ಲಿ ಬಂದ ನೆರೆಯು ಏಕಕಾಲಕ್ಕೆ ಎರಡು ಬೆಳೆಗಳನ್ನು ಹೊಡೆಯುವದು: ಒಂದು ನಿಂತ ಬೆಳೆ, ಇನ್ನೊಂದು ಇನ್ನೂ ಬಿತ್ತದ ಬೆಳೆ. ಎರೆ ಭೂಮಿಯಲ್ಲಿ ನೀರು ನಿಂತರೆ ಕುಂಟೆ ಕೂರಿಗೆ ಹೂಡಲು ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಜೋಳದ ಹದ ಮೀರಿಹೋಗುವದು. ಪಂಚನಾಮೆಯು ನಿಂತ ತೊಗರಿಯನ್ನು ಎಣಿಸುವದು. ಬಿತ್ತದೆ ಹೋದ ಜೋಳವನ್ನು ಎಣಿಸುವದು ಕಠಿಣ. ಬೆಳೆ ವಿಮೆಯಲ್ಲಿ ಬಿತ್ತನೆಗೆ ತಡೆಯುಂಟಾದುದಕ್ಕೂ ಒಂದು ಕಲಮು ಇದೆ, ನಿಜ. ಆದರೆ ವಿಮಾ ಘಟಕದ ಬಿತ್ತನೆಯ ಕ್ಷೇತ್ರದಲ್ಲಿ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಭಾಗ ಬಿತ್ತದೆ ಉಳಿದಾಗ ಮಾತ್ರ ಅದು ಅನ್ವಯಿಸುವದು. ಹೊಳೆಯ ದಂಡೆಯ ಹೊಲಗಳಲ್ಲಿ ನೀರು ನಿಂತು, ದಿಬ್ಬದ ಹೊಲಗಳಲ್ಲಿ ಬಿತ್ತನೆಯಾದ ಊರಿಗೆ ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ಮಾತು. ತೊಗರಿಯ ಬೇರು ನೀರಿನಲ್ಲಿ ಉಸಿರುಕಟ್ಟಿದರೂ ಗಿಡವು ಆ ದಿನವೇ ಬಾಡುವದಿಲ್ಲ. ಕೆಲವು ದಿನ ಹಸುರಾಗಿಯೇ ನಿಂತು, ಆಮೇಲೆ ಒಣಗುವದು. ನೆರೆ ಇಳಿದ ಮೂರನೆಯ ದಿನ ಬಂದ ಸಮೀಕ್ಷಕನಿಗೆ ಕಂಡದ್ದೇ ಬೇರೆ, ತಿಂಗಳಾದ ಮೇಲೆ ಒಕ್ಕಲಿಗನಿಗೆ ಉಳಿದದ್ದೇ ಬೇರೆ. ಆದುದರಿಂದ ಒಂದೇ ಸಲದ ಸಮೀಕ್ಷೆಯು ಎಷ್ಟು ಪ್ರಾಮಾಣಿಕವಾಗಿದ್ದರೂ ಅಪೂರ್ಣವೇ ಸರಿ.

ಬರದ ಕಾಲಗಣನೆ

ನೆರೆಯು ಕಣ್ಣಿಗೆ ಕಾಣುವ ಶತ್ರು. ಬರವು ಹಾಗಲ್ಲ, ಅದು ದಿನದಿನಕ್ಕೆ ಸಾಲವನ್ನು ಬೆಳೆಸುತ್ತ ಬರುವ ಬಡ್ಡಿಯಂತೆ. ೨೦೨೩ರ ಆಗಸ್ಟ ತಿಂಗಳು ೧೯೦೧ರಿಂದೀಚೆಗೆ ಭಾರತವು ಕಂಡ ಅತ್ಯಂತ ಒಣ ಆಗಸ್ಟವಾಗಿತ್ತು. ಆ ಸೆಪ್ಟೆಂಬರದಲ್ಲಿ ರಾಜ್ಯ ಸರಕಾರವು ಮೊದಲು ೧೯೫ ತಾಲೂಕುಗಳನ್ನು, ಮುಂದೆ ಹಂತಹಂತವಾಗಿ ೨೩೬ ತಾಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಿತು. ಅಕ್ಟೋಬರದಲ್ಲಿ ಕೇಂದ್ರದ ತಂಡಗಳು ಬಂದು ನೋಡಿಹೋದವು. ರಾಜ್ಯವು ೧೮,೧೭೧ ಕೋಟಿ ರೂಪಾಯಿಗಳನ್ನು ಬೇಡಿತು. ಹಣ ಬರಲಿಲ್ಲ. ೨೦೨೪ರ ಜನವರಿಯ ಸುಮಾರಿಗೆ ರಾಜ್ಯವು ತನ್ನ ಬೊಕ್ಕಸದಿಂದಲೇ ಒಬ್ಬೊಬ್ಬ ರೈತನಿಗೆ ೨,೦೦೦ ರೂಪಾಯಿಗಳ ವರೆಗೆ ಮೊದಲ ಕಂತನ್ನು ಕೊಟ್ಟಿತು. ಮಾರ್ಚದಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಏಪ್ರಿಲ ಕೊನೆಗೆ ಕೇಂದ್ರವು ಬಿಡುಗಡೆ ಮಾಡಿದ್ದು ಸುಮಾರು ೩,೪೫೪ ಕೋಟಿ ರೂಪಾಯಿ.

ಕೇಂದ್ರದ್ದು ತಪ್ಪೋ ರಾಜ್ಯದ್ದು ತಪ್ಪೋ ಎಂಬ ವಾದವನ್ನು ರಾಜಕಾರಣಿಗಳಿಗೆ ಬಿಡೋಣ. ತಿಂಗಳುಗಳನ್ನು ಮಾತ್ರ ಎಣಿಸೋಣ. ಸೆಪ್ಟೆಂಬರದಲ್ಲಿ ಬರ ಸಾರಿ ಏಪ್ರಿಲದಲ್ಲಿ ಹಣ ಬಂದರೆ ನಡುವೆ ಏಳು ತಿಂಗಳು. ಈ ಏಳು ತಿಂಗಳಲ್ಲಿ ಅಳಿದುಳಿದ ತೊಗರಿಯ ರಾಶಿ ಆಗಿಹೋಗಿರುತ್ತದೆ. ಹಿಂಗಾರಿಯ ಭವಿಷ್ಯ ನಿರ್ಧಾರವಾಗಿರುತ್ತದೆ. ಮುಂದಿನ ಮೃಗಶಿರೆಗೆ ಆರೇ ವಾರ ಉಳಿದಿರುತ್ತವೆ. ಹಸಿವಿಗೂ ಕಡತಕ್ಕೂ ಒಂದೇ ಪಂಚಾಂಗವಿಲ್ಲ.

ಪರಿಹಾರದ ಪ್ರಮಾಣವನ್ನೂ ನೋಡಬೇಕು. ಆಪತ್ತು ನಿಧಿಯ ನಿಯಮದ ಮೇರೆಗೆ ಮಳೆಯಾಶ್ರಿತ ಭೂಮಿಗೆ ಹೆಕ್ಟೇರಿಗೆ ೮,೫೦೦ ರೂಪಾಯಿ, ಅದೂ ನೂರಕ್ಕೆ ೩೩ಕ್ಕಿಂತ ಕಡಿಮೆಯಿಲ್ಲದಷ್ಟು ಬೆಳೆ ಹಾನಿಯಾಗಿದ್ದರೆ ಮಾತ್ರ, ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಎಂದರೆ ಎಕರೆಗೆ ಸುಮಾರು ೩,೪೪೦ ರೂಪಾಯಿ. ಆ ವರ್ಷ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ ೭,೦೦೦ ರೂಪಾಯಿ ಇತ್ತು. ಎಕರೆಯ ಪರಿಹಾರವು ಅರ್ಧ ಕ್ವಿಂಟಲು ತೊಗರಿಯ ಬೆಲೆಗೂ ಸಮವಾಗಲಿಲ್ಲ. ೨೦೨೫ರ ನೆರೆಯ ತರುವಾಯ ರಾಜ್ಯ ಸರಕಾರವು ಹೆಕ್ಟೇರಿಗೆ ಇನ್ನೂ ೮,೫೦೦ ರೂಪಾಯಿಗಳನ್ನು ತಾನು ಸೇರಿಸಿ ಕೊಡುವದಾಗಿ ಸಾರಿದ್ದು ಸ್ವಾಗತಾರ್ಹವೇ. ಆದರೆ ಮೂಲ ಪ್ರಮಾಣವೇ ಅಲ್ಪವಾಗಿದೆಯೆಂಬುದಕ್ಕೆ ಆ ಘೋಷಣೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಳೆಮಾಪಕವು ಕಾಣದ ಆಪತ್ತು

ನೆರೆ, ಬರ ಎರಡೂ ಅಲ್ಲದ ಮೂರನೆಯ ಆಪತ್ತೊಂದುಂಟು. ೨೦೨೨ರಲ್ಲಿ ರಾಜ್ಯದಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಯಿತು. ಮಳೆಯ ನಕ್ಷೆಯನ್ನು ನೋಡಿದವರು ಸುಭಿಕ್ಷದ ವರ್ಷವೆಂದೇ ತಿಳಿಯಬೇಕು. ಆದರೆ ಆ ಹಂಗಾಮಿನ ಕೊನೆಗೆ ಕಲಬುರಗಿ ಸೀಮೆಯ ತೊಗರಿಯು ಕಾಯಿಕಟ್ಟುವ ಹೊತ್ತಿಗೆ ನೆಟೆ ರೋಗದಿಂದ ಒಣಗಿ ನಿಂತಿತು. ನೆಟೆಯು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಶಿಲೀಂಧ್ರದ ಕೆಲಸ. ಒಂದೇ ಹೊಲದಲ್ಲಿ ವರ್ಷವೂ ತೊಗರಿಯನ್ನೇ ಬಿತ್ತಿದರೆ ಅದು ಬೆಳೆಯುತ್ತ ಹೋಗುವದು. ಬೆಳೆಯನ್ನು ಬದಲಿಸಿದರೆ, ರೋಗ ತಡೆಯುವ ತಳಿಯನ್ನು ಬಿತ್ತಿದರೆ ಅದರ ಬಲ ಕುಗ್ಗುವದು. ಆಪತ್ತುಗಳ ಅಧಿಕೃತ ಪಟ್ಟಿಯಲ್ಲಿ ಕೀಟಬಾಧೆಗೆ ಹೆಸರಿದೆ, ನೆಟೆಗೆ ಪ್ರತ್ಯೇಕ ಹೆಸರಿಲ್ಲ. ಆದುದರಿಂದ ೨೦೨೩ರ ಆರಂಭದಲ್ಲಿ ರಾಜ್ಯ ಸರಕಾರವು ಹೆಕ್ಟೇರಿಗೆ ೧೦,೦೦೦ ರೂಪಾಯಿಗಳ ವಿಶೇಷ ಪರಿಹಾರವನ್ನು ಸಾರಬೇಕಾಯಿತು.

ಕಮಲಾಪುರದ ಕೆಂಪು ಬಾಳೆಯ ಪಾಡು ಇನ್ನೂ ಬೇರೆ. ಅದು ಫಲ ಕೊಡಲು ಸುಮಾರು ಒಂದೂವರೆ ವರ್ಷ ಬೇಕು. ವೈಶಾಖದ ಒಂದು ಬಿರುಗಾಳಿಗೆ ಗೊನೆ ಹೊತ್ತ ಗಿಡಗಳು ನೆಲಕಚ್ಚಿದರೆ ಹೋಗುವದು ಒಂದು ಹಂಗಾಮಲ್ಲ, ಮೂರು. ಮುಂಗಾರಿ ಹಿಂಗಾರಿಗಳೆಂದು ಎರಡೇ ಅಂಕಣಗಳುಳ್ಳ ಕಾಗದದಲ್ಲಿ ಈ ನಷ್ಟವನ್ನು ಎಲ್ಲಿ ಬರೆಯಬೇಕು?

ಆಣೆವಾರಿಯಿಂದ ಉಪಗ್ರಹದ ವರೆಗೆ

ಅಳತೆಯ ಸಾಧನಗಳ ಅಭಾವವಿದೆಯೆಂದು ಯಾರೂ ಹೇಳಲಾರರು. ಹಿಂದಿನವರು ಆಣೆವಾರಿಯ ಪದ್ಧತಿಯಿಂದ ಬೆಳೆಯನ್ನು ಅಂದಾಜು ಮಾಡುತ್ತಿದ್ದರು. ರೂಪಾಯಿಗೆ ಇಷ್ಟಾಣೆ ಬೆಳೆಯೆಂದು ಗ್ರಾಮಾಧಿಕಾರಿಯು ಕಣ್ಣಳತೆಯಿಂದ ಬರೆದದ್ದೇ ಕಂದಾಯದ ಮಾಫಿಗೂ ಬರದ ಘೋಷಣೆಗೂ ಆಧಾರವಾಗುತ್ತಿತ್ತು. ಅದರಲ್ಲಿ ದಾಕ್ಷಿಣ್ಯ, ದ್ವೇಷ, ಭಯ ಎಲ್ಲವೂ ಬೆರೆಯುತ್ತಿದ್ದವು. ಕರ್ನಾಟಕವು ೧೯೮೮ರಲ್ಲಿಯೇ ಬರ ನಿಗಾ ಘಟಕವನ್ನು ಸ್ಥಾಪಿಸಿ ದೇಶಕ್ಕೆ ಮಾರ್ಗದರ್ಶಕವಾಯಿತು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ತಾವಾಗಿಯೇ ಲೆಕ್ಕ ಕಳಿಸುತ್ತಿವೆ. ಮೋಡ ಮುಸುಕಿದಾಗಲೂ ನೆಲದ ನೀರನ್ನು ಗುರುತಿಸಬಲ್ಲ ರಾಡಾರ್ ಉಪಗ್ರಹಗಳಿವೆ. ಹೊಲದ ಸರ್ವೇ ನಂಬರಿನ ಮೇಲೆ ಯಾವ ಬೆಳೆಯಿದೆಯೆಂಬದನ್ನು ಒಕ್ಕಲಿಗನೇ ಕೈಫೋನಿನಿಂದ ಚಿತ್ರ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆಯೂ ನಡೆಯುತ್ತಿದೆ.

ಕೇಂದ್ರದ ೨೦೧೬ರ ಬರ ಕೈಪಿಡಿಯೂ ತಕ್ಕಮಟ್ಟಿಗೆ ಶಾಸ್ತ್ರೀಯವಾದುದೇ. ಮಳೆಯ ಕೊರತೆಯನ್ನು ನೋಡಿ, ಅನಂತರ ಬಿತ್ತನೆಯ ಕ್ಷೇತ್ರ, ಉಪಗ್ರಹಕ್ಕೆ ಕಂಡ ಹಸುರು, ಮಣ್ಣಿನ ತೇವ, ಜಲಾಶಯ ಹಾಗೂ ಅಂತರ್ಜಲ ಇವುಗಳನ್ನು ಪರೀಕ್ಷಿಸಿ, ಕೊನೆಗೆ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಹೊಲಕ್ಕೆ ಹೋಗಿ ಖಚಿತಪಡಿಸಬೇಕೆಂದು ಅದು ವಿಧಿಸುತ್ತದೆ. ಮೇವು, ಕೂಲಿ, ಧಾನ್ಯದ ಬೆಲೆ ಇವುಗಳನ್ನೂ ಗಮನಿಸಬಹುದೆಂದು ಹೇಳುತ್ತದೆ. ಆದರೆ ತಾಲೂಕಿನ ಹಣೆಬರಹವನ್ನು ನಿರ್ಧರಿಸುವವು ಮೊದಲಿನವು. ಎರಡನೆಯವು ಪಂಕ್ತಿಯ ಕೊನೆಗೆ ಕುಳಿತ ಅತಿಥಿಗಳು.

ವಿಮೆಯ ಅಳತೆಗೋಲಿನಲ್ಲಿ ಇನ್ನೊಂದು ವಿಚಿತ್ರವಿದೆ. ಇದನ್ನು ಬಹಳ ಜನ ಗಮನಿಸಿದಂತಿಲ್ಲ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಷ್ಟವನ್ನು ಹಿಂದಿನ ಏಳು ವರ್ಷಗಳ ಪೈಕಿ ಉತ್ತಮವಾದ ಐದು ವರ್ಷಗಳ ಸರಾಸರಿಯ ಒಂದು ನಿಶ್ಚಿತ ಭಾಗದೊಡನೆ ಹೋಲಿಸುತ್ತಾರೆ. ಉದಾಹರಣೆಗಾಗಿ ಊಹಿಸೋಣ. ಒಂದೂರಿನಲ್ಲಿ ಏಳು ವರ್ಷವೂ ಎಕರೆಗೆ ನಾಲ್ಕು ಕ್ವಿಂಟಲು ಬಂದಿದ್ದರೆ, ನೂರಕ್ಕೆ ಎಂಬತ್ತರ ಭದ್ರತೆಯ ಮೇರೆಗೆ ಹೊಸ್ತಿಲು ೩.೨ ಕ್ವಿಂಟಲು. ಇನ್ನೊಂದೂರಿನಲ್ಲಿ ಆಪತ್ತುಗಳ ಮೇಲೆ ಆಪತ್ತು ಬಂದು ೪, ೪, ೪, ೩, ೨, ೨, ೧ ಹೀಗೆ ಬಂದಿದ್ದರೆ, ಉತ್ತಮ ಐದರ ಸರಾಸರಿ ೩.೪, ಹೊಸ್ತಿಲು ೨.೭೨ ಕ್ವಿಂಟಲು. ಈ ವರ್ಷ ಎರಡೂ ಊರುಗಳಲ್ಲಿ ೨.೭೫ ಕ್ವಿಂಟಲು ಬಂದರೆ ಸುಖದಲ್ಲಿದ್ದ ಊರಿಗೆ ವಿಮೆ ಸಿಕ್ಕೀತು. ಕಷ್ಟದಲ್ಲಿದ್ದ ಊರಿಗೆ ಸಿಗದು. ಪದೇ ಪದೇ ಬರುವ ಆಪತ್ತು ಬೆಳೆಯನ್ನು ತಿನ್ನುವದಲ್ಲದೆ ನಷ್ಟವನ್ನು ಅಳೆಯುವ ಗಜಕಡ್ಡಿಯನ್ನೂ ತಿಂದು ಗಿಡ್ಡಮಾಡುವದು. ಆಪತ್ತಿನ ಚರಿತ್ರೆಯನ್ನು ಊರೂರಿಗೆ ನಕ್ಷೆಯಲ್ಲಿ ಬರೆದಿಟ್ಟಲ್ಲದೆ ಈ ಅನ್ಯಾಯವು ಕಾಣಿಸುವದೇ ಇಲ್ಲ. ಕಮಲಾಪುರದಂಥ, ೨೦೧೮ರ ವೇಳೆಗೆ ಕಲಬುರಗಿ ತಾಲೂಕಿನಿಂದ ಬೇರ್ಪಟ್ಟು ತಾನೇ ತಾಲೂಕಾದ ಪ್ರದೇಶಕ್ಕೆ ಇದು ಇನ್ನೂ ಅಗತ್ಯ; ಅದರ ಹಳೆಯ ಅಂಕೆಗಳು ದೊಡ್ಡ ತಾಲೂಕಿನ ಸರಾಸರಿಯಲ್ಲಿ ಕರಗಿಹೋಗಿವೆ.

ಅನ್ನದ ಲೆಕ್ಕ

ಈಗ ಗಡಿಗೆಯ ಮಾತಿಗೆ ಬರೋಣ. ಹಿಂದೆ ನಮ್ಮ ಸೀಮೆಯ ಒಕ್ಕಲಿಗನು ಊರಿನಲ್ಲಿ ನೆಲವನ್ನು ಅಗೆದು ಹಗೇವು ಮಾಡಿ, ಅದರಲ್ಲಿ ಜೋಳವನ್ನು ತುಂಬಿ, ಬಾಯಿಗೆ ಮಣ್ಣು ಮುಚ್ಚಿ ಇಡುತ್ತಿದ್ದನು. ಒಂದು ಸುಗ್ಗಿಯ ಕಾಳು ಮುಂದಿನ ಬರವನ್ನು ಎದುರಿಸಬೇಕೆಂಬದು ಅದರ ಉದ್ದೇಶ. ಅದು ಅವನ ವಿಮೆ. ಅದಕ್ಕೆ ಕಂತೂ ಇರಲಿಲ್ಲ, ಅರ್ಜಿಯೂ ಇರಲಿಲ್ಲ. ಇಂದು ಜೋಳದ ಹೊಲವು ತೊಗರಿಯ ಹೊಲವಾಗುತ್ತ ಬಂದಿದೆ. ತೊಗರಿಯು ಮಾರುವ ಬೆಳೆ. ಅದನ್ನು ಗಂಜಿಗೆ ಹಾಕಿ ಬಂದ ರೊಕ್ಕದಿಂದ ಒಕ್ಕಲಿಗನು ಜೋಳವನ್ನು ಕೊಳ್ಳುವನು. ಬೆಳೆ ಹೋದ ವರ್ಷ ಅವನ ಕೈಯಲ್ಲಿ ರೊಕ್ಕವೂ ಇಲ್ಲ, ಮನೆಯಲ್ಲಿ ಜೋಳವೂ ಇಲ್ಲ. ಮತ್ತು ಎಲ್ಲರ ಬೆಳೆಯೂ ಹೋಗಿರುವದರಿಂದ ಜೋಳದ ಬೆಲೆಯೂ ಏರಿರುತ್ತದೆ. ಪಡಿತರದ ಅಕ್ಕಿ ಹಸಿವನ್ನು ತಡೆಯುತ್ತದೆಂಬದನ್ನು ಅಲ್ಲಗಳೆಯುವದು ಕೃತಘ್ನತೆಯಾದೀತು. ಆದರೆ ರೊಟ್ಟಿ ಉಂಡು ದುಡಿಯುವ ಸೀಮೆಗೆ ಅಕ್ಕಿಯೊಂದೇ ಪೂರ್ಣಾಹಾರವಾಗಲಾರದು. ಬೇಳೆಯನ್ನು ಬೆಳೆಯುವವನೇ ಬೇಳೆಯನ್ನು ಕೊಳ್ಳಲಾರದ ದಿನ ಬಂದರೆ ಅದಕ್ಕಿಂತ ವಿಡಂಬನೆಯಿಲ್ಲ.

೧೯೪೩ರ ಬಂಗಾಲದ ಕ್ಷಾಮವನ್ನು ಶೋಧಿಸಿದ ಅಮರ್ತ್ಯ ಸೇನರು ೧೯೮೧ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ದೇಶದಲ್ಲಿ ಕಾಳಿದ್ದರೂ ಅದನ್ನು ಪಡೆಯುವ ಶಕ್ತಿಯಿಲ್ಲದವನು ಸಾಯುವನು. ಅದಕ್ಕೂ ಮೊದಲು, ೧೯೦೦ರಲ್ಲಿ ರಮೇಶಚಂದ್ರ ದತ್ತರು ಲಾರ್ಡ್ ಕರ್ಜನನಿಗೆ ಬರೆದ ಬಹಿರಂಗ ಪತ್ರಗಳಲ್ಲಿ, ಮಳೆ ತಪ್ಪಿದ್ದು ಕ್ಷಾಮದ ಅರ್ಧ ಕಾರಣ ಮಾತ್ರ, ರೈತನ ಕೈಯಲ್ಲಿ ಏನನ್ನೂ ಉಳಿಸದ ಕಂದಾಯದ ಭಾರವೇ ಉಳಿದ ಕಾರಣ ಎಂಬರ್ಥದ ವಾದವನ್ನು ಮಂಡಿಸಿದ್ದರು. ಪರಕೀಯರ ಕಂದಾಯ ಹೋಯಿತು. ಆದರೆ ಒಂದು ಆಪತ್ತಿಗೂ ಇನ್ನೊಂದಕ್ಕೂ ನಡುವೆ ಒಕ್ಕಲಿಗನ ಕೈಯಲ್ಲಿ ಏನುಳಿಯುತ್ತದೆಂಬ ಪ್ರಶ್ನೆ ಹೋಗಲಿಲ್ಲ.

ಬ್ರಿಟಿಶರ ಕಾಲದ ಕ್ಷಾಮ ಸಂಹಿತೆಗಳ ಮುಖ್ಯ ಚಿಂತೆಯು ಬೊಕ್ಕಸದ್ದಾಗಿತ್ತೆಂಬದು ನಿಜ. ಆದರೂ ಅವುಗಳಲ್ಲಿ ಒಂದು ಬುದ್ಧಿಯ ಮಾತಿತ್ತು. ಕ್ಷಾಮವು ಸಮೀಪಿಸುವದನ್ನು ಮಳೆಯಿಂದಲ್ಲದೆ ಜನರ ನಡತೆಯಿಂದಲೂ ಗುರುತಿಸಬೇಕು: ಧಾನ್ಯದ ಬೆಲೆಯ ಏರಿಕೆ, ಕೆಲಸ ಹುಡುಕಿ ಅಲೆಯುವವರ ಸಂಖ್ಯೆ, ಸಂತೆಗೆ ಬರುವ ದನಗಳ ಹಿಂಡು. ಈ ಲಕ್ಷಣಗಳನ್ನು ಇಂದು ತಿಳಿಯುವದು ಅಂದಿಗಿಂತ ಸುಲಭ. ಕಮಲಾಪುರದ ಸಂತೆಯಲ್ಲಿ ಎತ್ತುಗಳ ಬೆಲೆ ಕುಸಿದರೆ, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗುವ ಬಸ್ಸು ರೈಲುಗಳು ಹಂಗಾಮಿಗೆ ಮೊದಲೇ ತುಂಬಿದರೆ, ಶಾಲೆಯ ಹಾಜರಿ ಇಳಿದರೆ, ಅಂಗನವಾಡಿಯಲ್ಲಿ ಮಗುವಿನ ತೂಕ ಕಡಿಮೆಯಾದರೆ, ಅದೇ ನಿಜವಾದ ನಕ್ಷೆ. ಇವೆಲ್ಲವೂ ಒಂದೊಂದು ಇಲಾಖೆಯ ಕಾಗದದಲ್ಲಿ ಇದ್ದೇ ಇವೆ. ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವವರಿಲ್ಲ.

ಆಕ್ಷೇಪಗಳು

ಇದಕ್ಕೆ ಎರಡು ಆಕ್ಷೇಪಗಳು ಬರುವವು. ಗ್ರಾಮ ಆಡಳಿತಾಧಿಕಾರಿಗಳ ಹೆಗಲ ಮೇಲೆ ಈಗಾಗಲೇ ಹೊರಲಾರದ ಹೊರೆಯಿದೆ, ಇನ್ನೊಂದು ಸಮೀಕ್ಷೆಯೇ ಎಂದು ಕೇಳುವರು. ನಾವು ಹೊಸ ಸಮೀಕ್ಷೆಯನ್ನು ಬೇಡುತ್ತಿಲ್ಲ. ಇರುವ ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ತರಬೇಕೆನ್ನುತ್ತೇವೆ. ಎರಡನೆಯದು, ಜನರನ್ನು ಕೇಳಿದರೆ ಎಲ್ಲರೂ ನಷ್ಟವನ್ನು ಹಿಗ್ಗಿಸಿ ಹೇಳುವರೆಂಬದು. ಹಿಗ್ಗಿಸಿ ಹೇಳುವದು ಮುಚ್ಚಿದ ಕೋಣೆಯಲ್ಲಿ ಸುಲಭ. ಗ್ರಾಮಸಭೆಯಲ್ಲಿ, ನೆರೆಹೊಲದವನ ಎದುರಿಗೆ, ಕಠಿಣ. ಸಮೀಕ್ಷೆಯ ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಅಂಟಿಸಿ, ಸಭೆಯಲ್ಲಿ ಓದಿ ಒಪ್ಪಿಗೆ ಪಡೆದರೆ ಸುಳ್ಳಿಗೂ ಅವಕಾಶವಿಲ್ಲ, ಬಿಟ್ಟುಹೋದವನಿಗೂ ಬಾಯಿ ಸಿಗುವದು. ಬೇರೆಯವರ ಹೊಲವನ್ನು ಲಾವಣಿಗೆ ಮಾಡುವವನು, ಕೂಲಿಯಿಂದಲೇ ಜೀವಿಸುವ ಹೆಣ್ಣುಮಗಳು, ಇವರ ಹೆಸರು ಪಹಣಿಯಲ್ಲಿಲ್ಲ. ಬೆಳೆ ಹೋದರೆ ಇವರ ಅನ್ನವೂ ಹೋಗುತ್ತದೆ. ಉಪಗ್ರಹಕ್ಕೆ ಇವರು ಕಾಣುವದಿಲ್ಲ, ಊರಿಗೆ ಕಾಣುವರು.

ಆಗಬೇಕಾದುದೇನು?

ಸೆಪ್ಟೆಂಬರ ೨೮, ೧೯೦೮ರಂದು, ಇದೇ ಹಸ್ತದ ಮಳೆಗೆ, ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಹಾಳುಗೆಡವಿತು. ಕಲಬುರಗಿಯೂ ಅಂದು ಅದೇ ಸಂಸ್ಥಾನದಲ್ಲಿತ್ತು. ನಿಜಾಮ ಸರಕಾರವು ೧೯೦೯ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಯಿಸಿತು. ಅವರು ಮುಳುಗಿದ ಪೇಟೆಯನ್ನಷ್ಟೇ ಅಳೆದು ಕೂಡಲಿಲ್ಲ. ಮೇಲಿನ ಜಲಾನಯನದಲ್ಲಿ ಎಲ್ಲೆಲ್ಲಿ ಎಷ್ಟು ಮಳೆ ಬಿದ್ದಿತು, ಯಾವ ಕೆರೆಗಳು ಒಡೆದವು ಎಂಬದನ್ನು ಶೋಧಿಸಿ, ನದಿಗೆ ಮೇಲ್ಗಡೆಯಲ್ಲಿ ಜಲಾಶಯಗಳಾಗಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸೂಚನೆಯ ಫಲ. ಕಾರಣದ ವರೆಗೆ ಹೋದ ನಕ್ಷೆಯು ಕಾರ್ಯಕ್ಕೆ ದಾರಿ ತೋರಿತು. ನಮ್ಮ ಜಿಲ್ಲೆಯಲ್ಲಿ ಆಗಬೇಕಾದುದೂ ಇದೇ.

ಮೊದಲನೆಯದಾಗಿ, ಪ್ರತಿಯೊಂದು ಗ್ರಾಮ ಪಂಚಾಯತಿಗೂ ಆಪತ್ತಿನ ಚರಿತ್ರೆಯ ಒಂದು ಹಾಳೆಯಿರಬೇಕು: ಯಾವ ವರ್ಷ, ಯಾವ ಮಳೆಯಲ್ಲಿ, ಯಾವ ಸರ್ವೇ ನಂಬರುಗಳಲ್ಲಿ ನೀರು ನಿಂತಿತು, ಎಲ್ಲಿ ನೆಟೆ ಬಂದಿತು. ಎರಡನೆಯದಾಗಿ, ನೆರೆಯ ಸಮೀಕ್ಷೆಯು ಎರಡು ಸಲ ಆಗಬೇಕು. ನೀರಿಳಿದಾಗ ಒಮ್ಮೆ, ತಿಂಗಳಾದ ಮೇಲೆ ಇನ್ನೊಮ್ಮೆ. ಬಿತ್ತದೆ ಉಳಿದ ಹಿಂಗಾರಿ ಹೊಲಕ್ಕೂ ಅದರಲ್ಲಿ ಅಂಕಣವಿರಬೇಕು. ಮೂರನೆಯದಾಗಿ, ಆಪತ್ತು ಸಾರಿದ ದಿನದಿಂದ ಮೊದಲ ಕಂತು ತಾನಾಗಿಯೇ ದೊರಕುವ ಏರ್ಪಾಡಾಗಬೇಕು. ಸರಕಾರಗಳ ವ್ಯಾಜ್ಯವು ಎರಡನೆಯ ಕಂತಿನ ಮೇಲೆ ನಡೆಯಲಿ. ನಾಲ್ಕನೆಯದಾಗಿ, ಜಿಲ್ಲಾಧಿಕಾರಿಗಳು ಆಪತ್ತಿನ ವರ್ಷದಲ್ಲಿ ತಿಂಗಳಿಗೊಮ್ಮೆ ಜೋಳದ ಬೆಲೆ, ದನದ ಸಂತೆ, ಶಾಲೆಯ ಹಾಜರಿ, ಮಕ್ಕಳ ತೂಕ, ಗುಳೆ ಹೋದ ಮನೆಗಳು, ಈ ಐದು ಲೆಕ್ಕಗಳನ್ನು ಹೋಬಳಿವಾರು ಪ್ರಕಟಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯದೆ ಬೇಕಿಲ್ಲ, ಬೇಕಾದುದು ಮನಸ್ಸು.

ಪಟ್ಟಣಿಗರಿಗೆ ಒಂದು ಮಾತು

ಕಲಬುರಗಿಯು ದಾಸೋಹದ ಊರು. ಶರಣಬಸವೇಶ್ವರರ ಹೆಸರು ಇಲ್ಲಿ ಅನ್ನದೊಡನೆ ಬೆರೆತುಹೋಗಿದೆ. ಬಂದವರಿಗೆ ಉಣಬಡಿಸುವದು ದೊಡ್ಡ ಧರ್ಮವೇ. ಆದರೆ ಬರಲಾರದೆ ಊರಲ್ಲಿಯೇ ಉಪವಾಸ ಕುಳಿತವರು ಯಾರೆಂದು ಮೊದಲೇ ತಿಳಿದಿರುವದು ಅದಕ್ಕಿಂತ ದೊಡ್ಡದು. ನಗರದ ವಕೀಲರು, ಉಪಾಧ್ಯಾಯರು, ವರ್ತಕರು, ನೌಕರರು ಇವರ ಪೈಕಿ ಹಳ್ಳಿಯಲ್ಲಿ ಹೊಲವಿಲ್ಲದವರು, ನಂಟರಿಲ್ಲದವರು ಅಪರೂಪ. ತಮ್ಮ ಊರಿನ ಗ್ರಾಮಸಭೆಗೆ ವರ್ಷಕ್ಕೊಮ್ಮೆ ಹೋಗಿ, ನಷ್ಟದ ಪಟ್ಟಿಯನ್ನು ಓದಿಸಿ ಕೇಳಿ, ಬಿಟ್ಟುಹೋದ ಹೆಸರುಗಳನ್ನು ಬರೆಯಿಸುವಷ್ಟು ಕೆಲಸವನ್ನು ಅವರು ಮಾಡಿದರೆ ಸಾಕು. ಅಧಿಕಾರಿಗಳಾದವರು ತಮ್ಮ ಮುಂದೆ ಬಂದ ಹೆಕ್ಟೇರಿನ ಅಂಕೆಯ ಕೆಳಗೆ, ಈ ಹೊಲದವರು ಮುಂದಿನ ಸುಗ್ಗಿಯ ವರೆಗೆ ಏನನ್ನು ಉಣ್ಣುವರು ಎಂಬ ಪ್ರಶ್ನೆಯೊಂದನ್ನು ಬರೆದಿಟ್ಟುಕೊಳ್ಳಲಿ.

ಹಸ್ತ ಚಿತ್ತೆಗಳು ವರ್ಷವೂ ಬರುವವು. ಮಳೆಯನ್ನು ತಡೆಯುವ ಶಕ್ತಿ ನಮಗಿಲ್ಲ. ಅದು ಬಂದು ಹೋದ ಮೇಲೆ ಯಾರ ಹಗೇವು ಬರಿದಾಯಿತೆಂಬದನ್ನು ತಿಳಿಯದೆ ಇರುವದು ಮಾತ್ರ ದೈವದ ದೋಷವಲ್ಲ, ನಮ್ಮದು.